ಬಳೆಗಾರ್ತಿ ತಂದ ಕಾಗದ

ಅಫಜಲಪುರದ ನನ್ನ ಗಂಡನ ಮನೆಯಲ್ಲಿ ಯಾರಿಗೆ ಕಾಗದ ಬಂದರೂ ಮೊದಲು ಒಡೆಯುತ್ತಿದ್ದವರು ಮಾವನವರು. ಪಡಸಾಲೆಯಲ್ಲಿ ಕೂತು, ನನ್ನ ಕಾಗದವನ್ನು ಮನೆಮಂದಿಗೆಲ್ಲ ಕೇಳುವಂತೆ ಓದಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದರು. ನಾನು ಬರೆದದ್ದೂ ಅವರ ಕಣ್ಣು ದಾಟಿಯೇ ಡಬ್ಬಿಗೆ ಬೀಳಬೇಕು. ಅಕ್ಕನನ್ನು ಕೊಟ್ಟಿದ್ದ ಇಜೇರಿಯ ಮನೆಯಲ್ಲೂ ಅದೇ ಪದ್ಧತಿ. ಹೀಗಾಗಿ ಎಪ್ಪತ್ತರ ದಶಕದ ಕೊನೆಗೆ ನಾವಿಬ್ಬರೂ ಬರೆದುಕೊಂಡ ಕಾಗದಗಳಲ್ಲಿ ಮಳೆ, ಜೋಳ, ಎಲ್ಲರೂ ಕ್ಷೇಮ, ಇಷ್ಟೇ.

ದಾರಿ ಮಾಡಿಕೊಟ್ಟವಳು ಬಳೆಗಾರ್ತಿ. ಬಸ್ಸು ಹತ್ತಿ ಊರೂರು ತಿರುಗುವ ಹೆಂಗಸು. ಎರಡೂ ಮನೆಗೆ ಅವಳದೇ ಬಳೆ. ಒಮ್ಮೆ ನನ್ನ ಕೈ ಹಿಸುಕಿ ಬಳೆ ಏರಿಸುತ್ತಿದ್ದವಳು, ಅತ್ತೆ ಎದುರಿಗೇ ಕೂತಿದ್ದರೂ, ಬೀಡಿಯಷ್ಟು ಸಣ್ಣಗೆ ಸುತ್ತಿದ ಕಾಗದವನ್ನು ಅಂಗೈಗೆ ಒತ್ತಿದಳು. "ಮುಟಗಿ ಗಟ್ಟಿ ಹಿಡೀರಿ ತಂಗೆವ್ವ, ಬಳಿ ಒಡದೀತು" ಅಂದಳು. ನನ್ನ ಉತ್ತರ ಅವಳು ಒಯ್ಯುವ ಒಡೆದ ಬಳೆಚೂರಿನ ಗಂಟಿನಲ್ಲಿ ಹೋಯಿತು. ಅವಳಿಗೆ ಓದಲು ಬರುತ್ತಿರಲಿಲ್ಲ; ಅದು ನಮಗೆ ಧೈರ್ಯ. ಎರಡು ವರ್ಷ ಅತ್ತೆಯರ ಗೊರಕೆಯಿಂದ ಹಿಡಿದು ಎಲ್ಲವನ್ನೂ ಬರೆದುಕೊಂಡು ನಕ್ಕೆವು.

ಆಮೇಲೆ ಈ ಕಾಗದ ಬಂತು: "ಇವರಿಗೆ ಇನ್ನೊಂದು ಹೆಣ್ಣು ನೋಡ್ಯಾರ. ನನ್ನ ಕೋಣ್ಯಾಗ ಹಾಕಿ ಬಡಿತಾರ. ಅಪ್ಪಗ ಹೇಳು, ಬಂದು ಕರಕೊಂಡು ಹೋಗಲಿ. ನಾ ಬರದೇನಿ ಅಂತ ಯಾರಿಗೂ ಗೊತ್ತಾಗಬಾರದು."

ನಮ್ಮ ತವರು ಹಿರೋಳ್ಳಿ. ಬಳೆಗಾರ್ತಿ ಅಷ್ಟು ದೂರ ಹೋಗುತ್ತಿರಲಿಲ್ಲ. ನಾನು ಗಂಡನನ್ನು ನಂಬಿದೆ. "ಒಂದಿನ ಹೋಗಿ ಅಪ್ಪಗ ಹೇಳಿ ಬರ್ರಿ" ಎಂದು ಕಾಗದ ತೋರಿಸಿದೆ. ಅವರು ಓದಿ, ಮಡಚಿ, ಕಿಸೆಯಲ್ಲಿಟ್ಟುಕೊಂಡು ನೇರ ಪಡಸಾಲೆಗೆ ಹೋದರು.

ಮಾವನವರು ನನ್ನನ್ನು ಕರೆದರು. "ಇದು ಯಾರ ಕೈಲಿಂದ ಬಂತು?"

"ಮಾವಾರ, ಅಕ್ಕನ್ನ ಬಡ್ಯಾಕತ್ತಾರ್ರಿ."

"ಅದು ಅವರ ಮನಿ ವಿಷಯ. ಯಾರ ಕೈಲಿಂದ ಬಂತು, ಅದನ್ನ ಹೇಳು."

ಅತ್ತೆಯೇ ಹೇಳಿದರು: "ಬಳಿಗಾರ್ತಿನ್ನ ಬಿಟ್ಟು ಮತ್ಯಾರು ಬರ್ತಾರ್ರಿ?"

ಮುಂದಿನ ಸಲ ಅವಳು ಬಂದಾಗ ಮಾವನವರು ಅವಳ ಬಳೆಗಳನ್ನೆಲ್ಲ ಬೀದಿಗೆ ಎಸೆದರು. ಅವಳು ಬಗ್ಗಿ ಉಳಿದವನ್ನು ಆರಿಸಿಕೊಳ್ಳುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಬಾಗಿಲು ದಾಟುವ ಧೈರ್ಯ ಆಗಲಿಲ್ಲ. ಅಕ್ಕನ ಕಾಗದವನ್ನು ಮಾವನವರು ಲಕೋಟೆಗೆ ಹಾಕಿ ಇಜೇರಿಗೇ ಕಳಿಸಿದರು, ಸೊಸೆಯನ್ನು ಹದ್ದುಬಸ್ತಿನಲ್ಲಿಡಿ ಎಂದು ಎರಡು ಸಾಲು ಬರೆದು.

ಪಂಚಮಿಗೆ ತವರಿಗೆ ಹೋದಾಗ ಅಪ್ಪನಿಗೆ ನಾನೇ ಹೇಳಿದೆ. ಅಪ್ಪ ಮರುದಿನವೇ ಇಜೇರಿಗೆ ಹೋದ. ಅಕ್ಕ ನಾಲ್ಕು ಮಂದಿಯ ಮುಂದೆ ನಿಂತು, "ನನಗೇನೂ ಕಮ್ಮಿಲ್ಲಪ್ಪ, ಆಕಿ ಸುಳ್ಳು ಹೇಳ್ಯಾಳ" ಎಂದಳಂತೆ. ಆ ವರ್ಷವೇ ಎರಡನೆಯವಳು ಬಂದಳು. ಅಕ್ಕ ಅವಳ ಮಕ್ಕಳಿಗೆ ರೊಟ್ಟಿ ಬಡಿಯುತ್ತ ಅಲ್ಲೇ ಉಳಿದಳು.

ಅವ್ವ ತೀರಿಕೊಂಡಾಗಲೇ ನಾವು ಮತ್ತೆ ಮುಖ ನೋಡಿದ್ದು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಕಾಗದ ಅವರ ಕೈಯಾಗಿತ್ತು ಬೇ. ಅಪ್ಪ ಬರೂದ್ರಾಗ ನನಗ ಎಲ್ಲಾ ಕಲಿಸಿ ಇಟ್ಟಿದ್ರು. ನಾ ಬರದಿದ್ದು ನಿನಗ. ನಿನ್ನ ಗಂಡಗಲ್ಲ" ಎಂದಳು.

ತಾನು ಮನೆತನದ ಮರ್ಯಾದೆ ಉಳಿಸಿದೆನೆಂದೇ ನನ್ನ ಗಂಡ ಇಂದಿಗೂ ನಂಬಿದ್ದಾರೆ. ನಾನು ಎದುರಾಡಿಲ್ಲ. ಕಾಗದ ತೋರಿಸಿದ ಆ ದಿನದಿಂದ ಅವರಿಗೆ ಮನಸ್ಸಿನ ಒಂದು ಮಾತನ್ನೂ ಹೇಳಿಲ್ಲ. ಅದು ಅವರ ಗಮನಕ್ಕೇ ಬಂದಿಲ್ಲ.