ಬೇಲ್ ಅಂದರೇನೆಂದು ನನಗೆ ಗೊತ್ತಿತ್ತು

ಗೊತ್ತಿದ್ದೂ ಅಪ್ಪನಿಗೆ ಸುಳ್ಳು ಹೇಳಿದೆ. ಸಾಲದೆಂದು ಆ ಸುಳ್ಳನ್ನು ಅತ್ತೆಯ ತಲೆಗೆ ಕಟ್ಟಿದೆ. ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಸುಖವಾಗಿದ್ದೆ ನೋಡಿ, ಅದಕ್ಕೆ.

ಮದುವೆಗೆ ಮುಂಚೆ ನಾನು ಚಿಂತಾಮಣಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೆ. ಬೇಲ್, ಡಿಸ್ಚಾರ್ಜ್, ಅಕ್ವಿಟಲ್ — ಮೂರನ್ನೂ ಕಲಸಿಕೊಂಡು ಬರುವ ಕಕ್ಷಿದಾರರಿಗೆ ನಾನೇ ಬಿಡಿಸಿ ಹೇಳುತ್ತಿದ್ದೆ. ಬೇಲ್ ಅಂದರೆ ಜಾಮೀನು. ಮನೆಗೆ ಹೋಗಬಹುದು, ಕೇಸು ಮಾತ್ರ ಹಾಗೇ ಇರುತ್ತದೆ. ಡಿಸ್ಚಾರ್ಜ್ ಅಂದರೆ ವಿಚಾರಣೆ ನಡೆಸುವಷ್ಟು ಆಧಾರವೇ ಇಲ್ಲವೆಂದು ಕೋರ್ಟು ಮೊದಲೇ ಕೈಬಿಡುವುದು. ಅಕ್ವಿಟಲ್ ಅಂದರೆ ವಿಚಾರಣೆಯೆಲ್ಲ ಮುಗಿದು ಖುಲಾಸೆಯಾಗುವುದು. ಅಬ್ಬಾ, ಆ ವಿಷಯದಲ್ಲಿ ಎಂಥ ಜಂಬ ನನಗೆ!

ಆಗ ಸಾದಲಿಯಿಂದ ಸಂಬಂಧ ಬಂತು. ರೇಷ್ಮೆಹುಳು ಸಾಕುವ ಮನೆ. ಹುಡುಗ ನೋಡಿದ ಕೂಡಲೇ ಹಿಡಿಸಿದರು — ನಾಚಿಕೆಯೇಕೆ, ಇವತ್ತಿಗೂ ಹಿಡಿಸುತ್ತಾರೆ. ಆದರೆ ಹೊಲದ ಬದುವಿನ ಜಗಳದಲ್ಲಿ ಅವರ ಮೇಲೊಂದು ಹೊಡೆದಾಟದ ಕೇಸಿತ್ತು. ಹೆಣ್ಣು ನೋಡಲು ಬಂದ ದಿನ ಅವರಮ್ಮ, ಅಂದರೆ ನನ್ನ ಅತ್ತೆ, ನನ್ನನ್ನು ಅಡುಗೆಮನೆಯಲ್ಲಿ ಪಕ್ಕಕ್ಕೆ ಕರೆದರು.

“ನಮ್ ಹುಡುಗ ಇನ್ನೂ ಬೇಲ್ ಮೇಲೆ ಅವ್ನೆ ಕಣಮ್ಮ. ಮುಚ್ಚಿಟ್ಟು ಮದ್ವೆ ಮಾಡೋದು ಬ್ಯಾಡ. ನಾನು ಓದ್ದೋಳಲ್ಲ, ಆ ಕೋರ್ಟಿನ ಮಾತೆಲ್ಲ ನಂಗೆ ಕಲಸೋಗ್ತೈತೆ. ನಿಮ್ಮಪ್ಪಂಗೆ ನೀನೇ ಬಿಡಿಸಿ ಹೇಳಮ್ಮ.”

ಹೂಂ ಎಂದೆ. ಕೋರ್ಟು ಅಂದರೆ ಅಪ್ಪನಿಗೆ ಆಗುತ್ತಿರಲಿಲ್ಲ. ಕೇಸು ನಡೆಯುತ್ತಿದೆ ಎಂದಿದ್ದರೆ ಸಂಬಂಧ ಅವತ್ತೇ ಮುರಿದು ಬೀಳುತ್ತಿತ್ತು. ಅವರೆಲ್ಲ ಹೋದ ಮೇಲೆ, ಹುಡುಗನ ಕೇಸಿನ ಬಗ್ಗೆ ಅವರಮ್ಮ ಏನೆಂದರು ಎಂದು ಅಪ್ಪ ಕೇಳಿದರು. ನಾನು ತಣ್ಣಗೆ ಹೇಳಿದೆ: “ಡಿಸ್ಚಾರ್ಜ್ ಆಗೈತಂತಪ್ಪ. ಕೇಸೇ ಇಲ್ವಂತೆ.”

ಮದುವೆಯಾಯಿತು. ಹೊಸದರಲ್ಲೇ ಒಮ್ಮೆ ಅಪ್ಪ ಸಾದಲಿಗೆ ಬಂದ ಬೆಳಿಗ್ಗೆ ನಮ್ಮೆಜಮಾನರು ಕೋರ್ಟಿಗೆ ಹೊರಟು ನಿಂತಿದ್ದರು. ಅಪ್ಪ ಕೆಂಡಾಮಂಡಲವಾದರು. ನಡುಮನೆಯಲ್ಲಿ, ನೆಂಟರ ಮುಂದೆ, ಅತ್ತೆಯನ್ನು ಹಿಡಿದು ನಿಲ್ಲಿಸಿದ ಹಾಗೆ ಕೇಳಿದರು: “ಸುಳ್ಳು ಹೇಳಿ ನನ್ ಮಗಳನ್ನ ತಂದ್ಕೊಂಡ್ರೇನಮ್ಮ?”

ಅತ್ತೆ ನನ್ನತ್ತ ನೋಡಿದರು. ಆಗಲಾದರೂ — ಒಂದೇ ಒಂದು ಮಾತು ಸಾಕಿತ್ತು — ಆದರೆ ನನ್ನ ಬಾಯಿಂದ ಬಂದದ್ದು ಬೇರೆಯೇ.

“ಡಿಸ್ಚಾರ್ಜ್ ಅಂತಾನೇ ಹೇಳಿದ್ರಪ್ಪ ಅತ್ತೆ.”

“ಹಂಗಂದ್ನಾ...?” ಅತ್ತೆ ತಡವರಿಸಿದರು. “ಅಂದಿದ್ರೂ ಅಂದಿರ್ಬೋದು. ನಂದೇ ಬಾಯಿ ತಪ್ತೇನೋ.”

ಅವರು ನನ್ನನ್ನು ಕಾಪಾಡಲು ಹಾಗೆ ಹೇಳಲಿಲ್ಲ. ನಿಜವಾಗಿಯೂ ತಮ್ಮದೇ ತಪ್ಪೆಂದು ನಂಬಿಬಿಟ್ಟರು. ಓದಿದ ಸೊಸೆ ಸುಳ್ಳು ಹೇಳುತ್ತಾಳೆಂದು ಅವರಿಗೆ ತೋಚಲೇ ಇಲ್ಲ — ಥೂ ನನ್ನ ಜನ್ಮಕ್ಕೆ.

ಕೇಸು ಕೊನೆಗೆ ಖುಲಾಸೆಯಾಯಿತು. ಅಪ್ಪ ಅಳಿಯನನ್ನು ತಬ್ಬಿಕೊಂಡರು, ಊರಿಗೆಲ್ಲ ಸಿಹಿ ಹಂಚಿದರು. ಬೀಗಿತ್ತಿಯ ಜೊತೆ ಮಾತ್ರ ಮಾತಿಲ್ಲ, ಇವತ್ತಿಗೂ. ಉಳಿದಂತೆ ನಮ್ಮದು ತುಂಬಿದ ಮನೆ. ಹುಳು ಚೆನ್ನಾಗಿ ಗೂಡು ಕಟ್ಟುತ್ತವೆ, ಮಕ್ಕಳು ಓದುತ್ತಿದ್ದಾರೆ, ಅತ್ತೆ ನನ್ನನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾರೆ. ಆದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗಂಡಸರ ಸಮಕ್ಕೆ ದನಿಯೆತ್ತಿ ವ್ಯಾಪಾರ ಮಾಡುತ್ತಿದ್ದ ಅದೇ ಅತ್ತೆ, ಆವತ್ತಿನ ಮೇಲೆ ಬ್ಯಾಂಕಿಗೆ ಹೋದರೂ, ಪಂಚಾಯ್ತಿಗೆ ಹೋದರೂ ನನ್ನನ್ನೇ ಮುಂದೆ ತಳ್ಳುತ್ತಿದ್ದರು. “ನೀನೇ ಹೇಳಮ್ಮ, ನಾನು ಏನಾದ್ರೂ ತಪ್ಪು ಹೇಳ್ಬಿಡ್ತೀನಿ.”

ಮೊನ್ನೆ ಪಕ್ಕದ ಮನೆಯವಳು ಓಡಿ ಬಂದಳು. ತಮ್ಮನಿಗೆ ಬೇಲ್ ಸಿಕ್ಕಿತಂತೆ, ಕೇಸು ಮುಗಿದ ಹಾಗೇನಾ ಎಂದು ಅತ್ತೆಯನ್ನು ಕೇಳಿದಳು. ಅತ್ತೆಗೆ ಉತ್ತರ ಗೊತ್ತು. ಮಗನ ಹಿಂದೆ ಅಷ್ಟು ಸಲ ಕೋರ್ಟಿಗೆ ಅಲೆದವರು. ಆದರೂ ಕೈ ಅಲ್ಲಾಡಿಸಿಬಿಟ್ಟರು: “ನನ್ ಕೇಳ್ಬ್ಯಾಡ ಕಣೇ. ನನ್ ಬಾಯಿಂದ ಒಂದ್ಸಲ ಆಗಿದ್ದೇ ಸಾಕು.”

ಒಳಗಿದ್ದ ನನಗೆ ಆ ಮಾತು ಕೇಳಿಸಿತು. ಅವಳು ಹೋದ ಮೇಲೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತ ಕೂತಿದ್ದ ಅತ್ತೆಯ ಪಕ್ಕ ಕೂತು ಎಲ್ಲ ಹೇಳಿದೆ. ಅವರ ಕೈ ನಿಂತಿತು.

“ಹಂಗಾದ್ರೆ... ನಾನು ಸರ್ಯಾಗೇ ಹೇಳಿದ್ನಾ?”

“ಹೂಂ ಅತ್ತೆ.”

“ಬೇಲ್ ಅಂತಾನೇ?”

“ಬೇಲ್ ಅಂತಾನೇ.”

ಬೈಯುತ್ತಾರೆಂದುಕೊಂಡೆ. ಮುಖ ಅರಳಿಸಿಕೊಂಡು ಅತ್ತರು. ಆ ಸಂತೋಷವನ್ನು ನೋಡಲು ನನ್ನಿಂದಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನಿಮ್ಮಪ್ಪಂಗೆ ಹೇಳ್ಬ್ಯಾಡಮ್ಮ, ವಯಸ್ಸಾಗೈತೆ, ನೊಂದ್ಕೊಂತಾರೆ” ಎಂದರು.

ಇದೊಂದು ಮಾತನ್ನು ನಾನು ಕೇಳುವುದಿಲ್ಲ. ಭಾನುವಾರ ಅಪ್ಪ ಬರುತ್ತಾರೆ. ಅದೇ ನಡುಮನೆಯಲ್ಲಿ, ಎಲ್ಲರೂ ಇರುವಾಗಲೇ ಹೇಳುತ್ತೇನೆ — ಅಪ್ಪ, ನಿಮಗೆ ಸುಳ್ಳು ಹೇಳಿದ್ದು ಬೀಗಿತ್ತಿಯಲ್ಲ, ನಿಮ್ಮ ಮಗಳು.