ನನ್ನ ಅಕ್ಷರದಲ್ಲಿ ಅವಳ ಅಪ್ಪ

ಸುಳ್ಯದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಪಾಠ ಹೇಳಿದೆ. ಅಷ್ಟೂ ವರ್ಷ ದಾಖಲಾತಿ ಪುಸ್ತಕವನ್ನು ಬೇರೆಯವರ ಕೈಗೆ ಕೊಟ್ಟವಳಲ್ಲ. ಹೆಡ್‌ಮಾಸ್ತರರು ಬರೆಯಲು ಹೊರಟರೂ ಕಿತ್ತುಕೊಳ್ಳುತ್ತಿದ್ದೆ. ನನಗೆ ಆಗ ಅಷ್ಟು ಸೊಕ್ಕಿತ್ತು.

ಶಾಲೆಯ ಹಿಂದೆ ಸರ್ಕಾರದ ರಬ್ಬರ್ ತೋಟ, ಅದರೊಳಗೆ ಮರ ಗೀರಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದವರ ಕಾಲೊನಿ. ಅಲ್ಲಿದ್ದವರೆಲ್ಲ ಸಿಲೋನಿನಿಂದ ಬಂದ ತಮಿಳರು. ಅಜ್ಜ, ಮುತ್ತಜ್ಜಂದಿರ ಕಾಲದಲ್ಲಿ ಚಹಾ ತೋಟದ ಕೆಲಸಕ್ಕೆ ಸಮುದ್ರ ದಾಟಿದವರ ಸಂತತಿ. ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡ ಮೇಲೆ, ಭಾರತದ ಪೌರತ್ವ ಪಡೆದು, ಸರದಿಯ ಪ್ರಕಾರ ಹಡಗು ಹತ್ತಿ ಬಂದವರು. ಬಂದ ಪ್ರತಿ ಮನೆಗೂ ಒಂದು ಕುಟುಂಬ ಕಾರ್ಡು. ಗಂಡ, ಹೆಂಡತಿ, ಮಕ್ಕಳ ಹೆಸರು ಅದರಲ್ಲಿ. ಆ ಕಾರ್ಡನ್ನು ಅವರು ದೇವರ ಪಟದ ಹಿಂದೆ ಇಡುತ್ತಿದ್ದರು.

ಒಂದು ವರ್ಷ ಶಾಲೆಗೆ ಮಕ್ಕಳು ಕಡಿಮೆಯಾದರು. ಇನ್ನೂ ಇಬ್ಬರು ಮೂವರು ಕಡಿಮೆಯಾದರೆ ಒಂದು ಹುದ್ದೆ ಹೋಗುವುದರಲ್ಲಿತ್ತು. ಹೋಗುವುದಾದರೆ ಎಲ್ಲರಿಗಿಂತ ಕಿರಿಯಳಾದ ನನ್ನದೇ. ಮೇ ತಿಂಗಳ ಬಿಸಿಲಿಗೆ ಕೊಡೆ ಹಿಡಿದು ಕಾಲೊನಿಯ ಮನೆ ಮನೆ ತಿರುಗಿದೆ. ಒಂದು ಮನೆಯ ಜಗಲಿಯಲ್ಲಿ ಐದಾರು ವರ್ಷದ ಹುಡುಗಿ ಕೂತು ಹಾಲು ಹಿಡಿಯುವ ತೆಂಗಿನ ಚಿರಟೆಗೆ ಅಂಟಿದ ಒಣ ರಬ್ಬರನ್ನು ಎಳೆದು ತೆಗೆಯುತ್ತಿದ್ದಳು. ಆ ಮನೆಯ ಕಾರ್ಡಿನಲ್ಲಿ ಮೂರು ಮಕ್ಕಳು. ಇವಳು ನಾಲ್ಕನೆಯವಳು.

"ಇದು ಯಾರು?" ಎಂದೆ.

ಮನೆಯಾಕೆ ದನಿ ತಗ್ಗಿಸಿದಳು. "ನನ್ನ ತಮ್ಮನ ಮಗಳು ಟೀಚರೇ. ತಮ್ಮ ಸಿಲೋನಿನಲ್ಲೇ ತೀರಿಹೋದ. ಅಲ್ಲಿ ಗಲಾಟೆ ಆಗುವಾಗ ನನ್ನ ಅಮ್ಮ ಇದನ್ನು ಎತ್ತಿಕೊಂಡು ಮೀನಿನ ದೋಣಿಯಲ್ಲಿ ಬಂದದ್ದು. ಇದರದ್ದು ಕಾಗದ ಎಂತದೂ ಇಲ್ಲ."

"ತಾಯಿ?"

"ಹೊಟ್ಟೆಯಲ್ಲಿ ಇನ್ನೊಂದು ಇತ್ತು. ಬಸುರಿಯನ್ನು ದೋಣಿಯವ ಹತ್ತಿಸಲಿಲ್ಲ. ಹೆತ್ತ ಮೇಲೆ ಬರ್ತೇನೆ ಹೇಳಿದ್ಲು, ಬರ್ಲಿಕ್ಕೆ ಆಗ್ಲಿಲ್ಲ."

ನಮ್ಮ ಶಾಲೆಗಳಲ್ಲಿ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ದಿನ ಕೊಡುವುದು ಟೀಚರ ಕೆಲಸ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಹುಟ್ಟಿದ ಊರು ಸುಳ್ಯ ಎಂದು ಬರೆದೆ. ತಂದೆಯ ಜಾಗದಲ್ಲಿ ಹುಡುಗಿಯ ಮಾವನ ಹೆಸರು, ತಾಯಿಯ ಜಾಗದಲ್ಲಿ ಅತ್ತೆಯ ಹೆಸರು. "ಇನ್ನು ಇವಳು ನಿಮ್ಮದೇ ಮಗಳು, ಯಾರೂ ಕೇಳುದಿಲ್ಲ" ಎಂದೆ. ಅತ್ತೆ ಕೈ ಮುಗಿದಳು. ಪುಣ್ಯದ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಬಂದೆ. ನನ್ನ ಹುದ್ದೆಯೂ ಉಳಿಯಿತು.

ಆ ಹುಡುಗಿ ನನ್ನ ಕೈಯಲ್ಲೇ ಕನ್ನಡ ಕಲಿತಳು. ದೊಡ್ಡವಳಾಗಿ ಅದೇ ತೋಟದಲ್ಲಿ ಟ್ಯಾಪಿಂಗಿಗೆ ಸೇರಿದಳು, ಮದುವೆಯಾಯಿತು, ಎರಡು ಮಕ್ಕಳಾದವು. ನಾನು ನಿವೃತ್ತಳಾದ ಮೇಲೂ ಸುಳ್ಯಕ್ಕೆ ಬಂದರೆ ಮನೆಗೆ ಬಂದು ಮಾತಾಡಿಸಿಯೇ ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ ಬಂದವಳ ಮುಖ ಬಾಡಿತ್ತು.

"ಸಿಲೋನಿನಲ್ಲಿ ಅಮ್ಮನಿಗೆ ಎರಡೂ ಕಿಡ್ನಿ ಹೋಗಿದೆ ಟೀಚರೇ. ಒಂದು ಸಲ ಹೋಗಿ ನೋಡ್ತೇನೆ ಹೇಳಿ ಪಾಸ್‌ಪೋರ್ಟಿಗೆ ಹಾಕಿದೆ. ದಿನಾ ಫೋನಿನಲ್ಲಿ ನೋಡುದು ಉಂಟು. ಮುಟ್ಟಲಿಕ್ಕೆ ಆಗುದಿಲ್ಲ ಅಲ್ವ?"

ವಿಚಾರಣೆಗೆ ಬಂದ ಪೊಲೀಸಿನವನು ಮಾವನ ಹಳೆಯ ಕುಟುಂಬ ಕಾರ್ಡು ನೋಡಿ, ಇವರು ಬಂದದ್ದು ನೀವು ಹುಟ್ಟಿದ ಮೇಲೆ, ಮತ್ತೆ ಇದರಲ್ಲಿ ನಿಮ್ಮ ಹೆಸರು ಯಾಕಿಲ್ಲ ಎಂದು ಕೇಳಿದ್ದನಂತೆ. ಕೇಳಬೇಕಾದದ್ದನ್ನೇ ಕೇಳಿದ್ದಾನೆ. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಆಧಾರ್ ಇದ್ದರೂ, ಪ್ರತಿ ಸಲ ವೋಟು ಹಾಕಿದ್ದರೂ, ಅರ್ಜಿ ಅಲ್ಲಿಗೆ ನಿಂತಿತು.

ಅವಳನ್ನು ಕರೆದುಕೊಂಡು ಪುತ್ತೂರಿಗೆ ಹೋದೆ. ಅಲ್ಲಿಯ ದರ್ಬೆ ಪೇಟೆಯಲ್ಲಿ ಒಬ್ಬರು ವಕೀಲರಿದ್ದರು, ಚುರುಕಾದ ಹೆಂಗಸು. "ಕಾಗದ ಇಲ್ಲದೆ ಬಂದವರು ಪೌರತ್ವ ಕೊಡಿ ಎಂದು ಅರ್ಜಿ ಹಾಕುವ ಹಾಗೇ ಇಲ್ಲ. ಎತ್ತಿಕೊಂಡು ಬಂದ ಮಗುವಾದರೂ ಕಾನೂನಿಗೆ ಒಂದೇ" ಎಂದರು. ಆಮೇಲೆ ಏನೋ ಹೊಳೆದ ಹಾಗೆ ಕೇಳಿದರು, "ಇವರ ಅಪ್ಪನದ್ದು ಎಂತಾದರೂ ಉಂಟಾ?"

ಇತ್ತು. ಅಜ್ಜಿ ದೋಣಿಯಲ್ಲಿ ಬರುವಾಗ ಮಗನ ಪಾಸ್‌ಪೋರ್ಟನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು. ಅದನ್ನು ನಾನಾಗಲಿ ಬೇರೆಯವರಾಗಲಿ ಯಾವತ್ತೂ ಕೇಳಿರಲಿಲ್ಲ. ಮಗಳು ಹುಟ್ಟುವ ಮೊದಲೇ ಭಾರತದ ಪಾಸ್‌ಪೋರ್ಟು ಸಿಕ್ಕಿ, ಹಡಗಿನ ಸರದಿಗೆ ಕಾಯುತ್ತ ಸತ್ತವನು ಅವನು. ವಕೀಲರು ಅದನ್ನು ಎರಡೆರಡು ಸಲ ತಿರುಗಿಸಿ ನೋಡಿದರು. "ಅಪ್ಪ ಮೊದಲೇ ಭಾರತದವರಾದರೆ, ಅಲ್ಲಿ ಹುಟ್ಟಿದ್ರೂ ಇವರು ಹುಟ್ಟಿನಿಂದಲೇ ಭಾರತದವರು! ಕೇಳಿ ಪಡೆಯುದು ಎಂತದೂ ಇಲ್ಲ, ಅವರ ಮಗಳು ಎಂದು ತೋರಿಸಿದರೆ ಸಾಕು." ಅವಳ ಅಮ್ಮ ಸಿಲೋನಿನಿಂದ ಜನನ ಪತ್ರ ಕಳಿಸಿದಳು. ಎಲ್ಲ ಸರಿ ಇತ್ತು. ಅಡ್ಡ ನಿಂತದ್ದು ಶಾಲೆಯ ಪುಸ್ತಕದಲ್ಲಿ ನಾನು ಬರೆದ ಒಂದು ಸಾಲು.

"ಬರೆದವರೇ ಕೋರ್ಟಿಗೆ ಬಂದು ಅದು ಸುಳ್ಳು ಎಂದು ಸಾಕ್ಷಿ ಹೇಳಬೇಕು" ಎಂದರು ವಕೀಲರು. ಅವಳು ನನ್ನ ಮುಖ ನೋಡಿದಳು. "ಯೋಚನೆ ಮಾಡಿ ಹೇಳ್ತೇನೆ" ಎಂದೆ.

ಅದರಲ್ಲಿ ಯೋಚನೆ ಮಾಡಲು ಏನಿತ್ತು? ಪಿಂಚಣಿಗೆ ತೊಂದರೆಯಾದೀತು ಎಂಬ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು ಮಾನದ ಪ್ರಶ್ನೆ. ಸುಳ್ಯದ ಕೋರ್ಟಿನಲ್ಲಿ, ಅರ್ಧ ನನ್ನ ಶಿಷ್ಯರೇ ತುಂಬಿರುವ ಕಡೆ, ಕಟಕಟೆಯಲ್ಲಿ ನಿಂತು ಸುಳ್ಳು ಬರೆದೆ ಎನ್ನುವುದು ಹೇಗೆ? ಮೊಣಕಾಲಿಗೆ ಔಷಧ ಮಾಡಿಸುವ ನೆಪ ಹೇಳಿ ಕಡಬದ ತಂಗಿಯ ಮನೆಗೆ ಹೋದೆ. ಒಂದೂವರೆ ತಿಂಗಳು ಅಲ್ಲೇ ಇದ್ದೆ. ಅವಳು ಫೋನು ಮಾಡುತ್ತಿದ್ದಳು, ನಾನು ಎತ್ತುತ್ತಿರಲಿಲ್ಲ. ಒಮ್ಮೆ ತಂಗಿ ಎತ್ತಿ, "ಅಕ್ಕ ಮೀಯಲಿಕ್ಕೆ ಹೋಗಿದ್ದಾಳೆ" ಎಂದಳು. ನಾನು ಎದುರಿಗೇ ಕೂತು ಅಲಸಂಡೆ ಮುರಿಯುತ್ತಿದ್ದೆ.

ಆಮೇಲೆ ಫೋನು ನಿಂತಿತು. ನಿಂತ ಮೇಲೆ ನಾನೇ ದಿನಕ್ಕೆ ಹತ್ತು ಸಲ ಫೋನು ತೆಗೆದು ನೋಡುತ್ತಿದ್ದೆ. ಒಂದು ವಾರ ಕಳೆದು ದರ್ಬೆಗೆ ಹೋಗಿ ವಕೀಲರಿಗೆ, ಸಾಕ್ಷಿ ಹೇಳುತ್ತೇನೆ ಎಂದೆ.

ವಕೀಲರು ಫೈಲು ಮುಚ್ಚಿದರು. "ಅವರ ತಾಯಿ ಹೋದ ವಾರ ತೀರಿಕೊಂಡರು" ಎಂದರು. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: ಒಂದೂವರೆ ತಿಂಗಳಲ್ಲಿ ಕೋರ್ಟಿನ ಕೆಲಸ ಹೇಗೂ ಮುಗಿಯುತ್ತಿರಲಿಲ್ಲ. ನಿಜವೇ ಇರಬಹುದು. ಆದರೆ ನಾನು ಅದನ್ನು ತಿಳಿದು ಕಡಬಕ್ಕೆ ಓಡಿದವಳಲ್ಲ.

ಅವಳು ಅಮ್ಮನನ್ನು ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳಂತೆ. ನಡುವೆ ಎರಡು ಸಲ ಸಿಗ್ನಲ್ ಹೋಯಿತಂತೆ.

ಇನ್ನು ಯಾಕೆ ಎಂದು ಅವಳು ಕೈಬಿಡುವಳು ಎಂದುಕೊಂಡಿದ್ದೆ. ಬಿಡಲಿಲ್ಲ, ನೀವು ಎಲ್ಲಿಯವರು ಎಂದು ಮಕ್ಕಳನ್ನು ನಾಳೆ ಯಾರೂ ಕೇಳಬಾರದು ಎಂದಳು. ದಾವೆ ಹಾಕಿದ್ದಾಯಿತು. ನನ್ನ ದಿನ ಬಂದಾಗ ಕಟಕಟೆಯಲ್ಲಿ ನಿಂತು, ಅಕ್ಷರ ನನ್ನದು, ಬರೆದದ್ದು ಸುಳ್ಳು ಎಂದೆ. ಯಾಕೆ ಬರೆದಿರಿ ಎಂದು ನ್ಯಾಯಾಧೀಶರು ಕೇಳಿದರು. ಮಗುವಿನ ಮೇಲಿನ ಕರುಣೆಯಿಂದ ಎಂದು ಹೇಳಲು ತಯಾರಾಗಿ ಹೋಗಿದ್ದೆ. "ನನ್ನ ಕೆಲಸ ಉಳಿಸಿಕೊಳ್ಳಲಿಕ್ಕೆ" ಎಂದು ಬಾಯಿಗೆ ಬಂತು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಗುಮಾಸ್ತ ಬರೆದುಕೊಂಡ.

ಹೊರಗೆ ಬಂದು ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಕೂತೆವು. ಕೊನೆಗೆ ನಾನೇ, "ನನ್ನ ಮೇಲೆ ಸಿಟ್ಟು ಉಂಟಾ?" ಎಂದೆ.

"ಅಮ್ಮ ದಿನಾ ಕೇಳ್ತಿದ್ರು, ಟೀಚರ್ ಒಪ್ಪಿದ್ರಾ ಹೇಳಿ" ಎಂದಳು ಅವಳು, ನನ್ನ ಕಡೆ ನೋಡದೆ. "ಒಪ್ಪಿದ್ರು, ಕೇಳಿದ ಕೂಡ್ಲೇ ಒಪ್ಪಿದ್ರು ಹೇಳಿದೆ. ಅಮ್ಮನಿಗೆ ಸಮಾಧಾನ ಆಯ್ತು. ಟೀಚರಿಗೆ ಒಳ್ಳೇದಾಗ್ಲಿ ಹೇಳಿದ್ರು."