ತವರಿಗೆ ಹೊರಟವಳ ಫೈಲು

ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶ. ರಾತ್ರಿ ಪಾಳಿಯವರು ಇನ್ನೂ ಮನೆ ಸೇರಿಲ್ಲ, ಚಹಾ ಗಾಡಿಯ ಸ್ಟೋವ್ ಈಗಷ್ಟೇ ಹೊತ್ತಿಕೊಂಡಿದೆ. ಡಾ. ಪೂಜಿತಾ ಅವರ ಪುಟ್ಟ ಹೆರಿಗೆ ಕ್ಲಿನಿಕ್ಕಿನ ಷಟರ್ ಅರ್ಧ ಮೇಲೇರಿದೆ. ಅದರ ಕೆಳಗೆ ಬಗ್ಗಿ ಒಳಗೆ ಹೋದ ವನಜಾ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಅಡಿ ನೆಲದ ಮೇಲೆ ಕೂತುಬಿಟ್ಟಿದ್ದಾರೆ. ಇಲಿ ಕಡಿದ ತಂತಿಯನ್ನು ರೋಗಿಗಳು ಬರುವುದರೊಳಗೆ ಬದಲಿಸಬೇಕು. ತಂತಿ ಜೋಡಿಸಿ ತಲೆ ಎತ್ತಿದರೆ ಕಂಪ್ಯೂಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿ ಕಾಣುತ್ತದೆ.

“ಹನುಮವ್ವಾ, ಏನ ಇದು?”

ನೆಲ ಒರೆಸುತ್ತಿದ್ದ ಆಯಾ ಹನುಮವ್ವ ತಿರುಗುತ್ತಾರೆ. “ಪಾಸ್‌ವರ್ಡ್‌ರಿ ಅಕ್ಕಾರ. ಮರೀತೈತಿ ಅಂತ ಕಂಪೌಂಡರ್ ಹಚ್ಯಾನ.”

“ಬಾಗಲಕ್ಕ ಬೀಗ ಹಾಕಿ, ಕೀಲಿ ಅಲ್ಲೇ ಮೊಳಿಗೆ ತೂಗು ಹಾಕಿದಂಗಾತಲ್ಲ!”

“ನನಗೇನ್ ಓದಾಕ ಬರತೈತ್ರಿ? ಯಾವುದೋ ದೇವರ ಚೀಟಿ ಅಂತ ತಿಳದು ದಿನಾ ಅದರ ಧೂಳಾ ಒರಸ್ತೀನಿ.”

ವನಜಾ ಜೋರಾಗಿ ನಗುತ್ತಾರೆ. ಚೀಟಿಯನ್ನು ಕಿತ್ತು ಚೂರು ಚೂರು ಮಾಡಿ, ಕಂಪೌಂಡರ್ ಬಂದೊಡನೆ ಹೊಸ ಪಾಸ್‌ವರ್ಡ್ ಹಾಕಿಸುತ್ತಾರೆ. ಬೈಯುವುದಿಲ್ಲ. ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ಮೂರು ಸಲ ಅವನ ಕೈಯಲ್ಲೇ ಒತ್ತಿಸುತ್ತಾರೆ.

ವನಜಾ ಮಾಡುವ ಕೆಲಸಕ್ಕೆ ನಮ್ಮ ಮಾತಿನಲ್ಲಿ ಇನ್ನೂ ಹೆಸರು ಬಿದ್ದಿಲ್ಲ. ಸಣ್ಣ ಊರಿನ ಸಣ್ಣ ದವಾಖಾನೆಗಳು ತಮ್ಮ ರೋಗಿಗಳ ವಿವರಗಳನ್ನು ಕಂಪ್ಯೂಟರ್ ಮೂಲಕ, ಬೇರೆ ಯಾರ ಕಣ್ಣಿಗೂ ಬೀಳದಂತೆ, ಒಬ್ಬರಿಂದೊಬ್ಬರಿಗೆ ತಲುಪಿಸುವ ವ್ಯವಸ್ಥೆಯನ್ನು ಅವರು ಕಟ್ಟಿಕೊಡುತ್ತಾರೆ. ದೊಡ್ಡ ಆಸ್ಪತ್ರೆಗಳಿಗೆ ಇದನ್ನೆಲ್ಲ ಮಾಡಲು ಕಂಪನಿಗಳಿವೆ. ಎರಡು ಕೋಣೆ, ಒಬ್ಬ ಕಂಪೌಂಡರ್ ಇರುವ ಕ್ಲಿನಿಕ್ಕಿಗೆ ಇರುವುದು ವನಜಾ, ಅವರ ಸ್ಕೂಟಿ ಮತ್ತು ಸ್ಕ್ರೂಡ್ರೈವರ್ ತುಂಬಿದ ಊಟದ ಚೀಲ.

“ಡಬ್ಬಿಗೆ ಬೀಗ ಹಾಕಿ ಕಳಸೂದ್ರಿ, ಅಷ್ಟ,” ಎನ್ನುತ್ತಾರೆ ಅವರು. “ಹಾದ್ಯಾಗ ಡಬ್ಬಿ ಯಾರ ಕೈಗೆ ಸಿಕ್ರೂ ತಗೀಲಿಕ್ಕೆ ಬರೂದಿಲ್ಲ. ಕೀಲಿ ಆ ಕಡೆ ಡಾಕ್ಟರ್ ಹತ್ರ ಮಾತ್ರ. ತಗದವರ ಹೆಸರು, ತಗದ ಹೊತ್ತು ಎಲ್ಲಾ ಒಳಗ ಮೂಡ್ತದ.”

ಇಷ್ಟು ಬಿಗಿ ಯಾಕೆ ಎಂದು ಕೇಳಿದರೆ ವನಜಾ ದನಿ ತಗ್ಗಿಸುತ್ತಾರೆ. ಬೀಗವಿಲ್ಲದ ದಿನಗಳಲ್ಲಿ ಯಾವುದೋ ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ಒಬ್ಬ ಹೆಣ್ಣುಮಗಳ ವರದಿಯನ್ನು ಅಲ್ಲಿ ಕೆಲಸಕ್ಕಿದ್ದ ಅವಳ ನೆಂಟರೊಬ್ಬರು ಓದಿದ್ದರಂತೆ. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ವಠಾರ ಮುಟ್ಟಿತ್ತು. “ಮುಂದ ಆಕಿ ಆ ದವಾಖಾನಿ ಮೆಟ್ಟಲಾ ಹತ್ತಲೇ ಇಲ್ಲ. ಔಷಧ ಬಿಟ್ಟಳು. ಅಂಥಾದ್ದು ಆಗಬಾರದ್ರಿ.”

ಗದಗಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ವನಜಾ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರಾಗಿರುವ ಶ್ರೀಪತಿಯವರ ಕೈ ಹಿಡಿದು ನಾಸಿಕಕ್ಕೆ ಬಂದವರು. ಮಗಳು ಚಿಕ್ಕವಳಿದ್ದಾಗ ಮನೆಯಲ್ಲೇ ಟಿ.ವಿ., ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ಆಮೇಲೆ ಸೈಬರ್ ಕೆಫೆ ನೋಡಿಕೊಂಡರು. ಊರ ಕೆಫೆಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ, ಉಡುಪಿ ಕಡೆಯ ಹೋಟೆಲ್ ಕುಟುಂಬದ ಮಗಳು ಡಾ. ಪೂಜಿತಾ ಹೊಸದಾಗಿ ಕ್ಲಿನಿಕ್ ತೆರೆದು, ಕಂಪ್ಯೂಟರ್ ಜೋಡಿಸಿಕೊಡಲು ಇವರನ್ನು ಕರೆದರು. ತಮ್ಮ ಕಷ್ಟ ಹೇಳಿಕೊಂಡದ್ದೂ ಆಗಲೇ.

ಕಷ್ಟ ಇಷ್ಟೇ. ಅಂಬಡ್‌ನ ಬಾಡಿಗೆ ಕೋಣೆಗಳಲ್ಲಿರುವ ಕಾರ್ಮಿಕರಲ್ಲಿ ಬಹಳ ಮಂದಿ ಔರಂಗಾಬಾದ್ ಜಿಲ್ಲೆಯ ಸಿಲ್ಲೋಡ್, ಗಂಗಾಪುರದ ಕಡೆಯವರು. ಅವರ ಹೆಂಡಂದಿರು ಏಳು ತಿಂಗಳು ಪೂಜಿತಾ ಹತ್ತಿರ ತೋರಿಸಿಕೊಂಡು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ. ಫೈಲು ಅಂಬಡ್‌ನ ಕೋಣೆಯಲ್ಲೇ ಉಳಿಯುತ್ತದೆ, ಇಲ್ಲವೇ ಬಸ್ಸಿನಲ್ಲಿ ಕಳೆಯುತ್ತದೆ. ತವರೂರಿನ ಡಾಕ್ಟರಿಗೆ ಏಳು ತಿಂಗಳ ಕತೆ ಗೊತ್ತಿಲ್ಲ, ನೋವು ಮಾತ್ರ ಗೊತ್ತು.

ಸಿಲ್ಲೋಡ್‌ನಲ್ಲಿ ಹೆರಿಗೆ ಆಸ್ಪತ್ರೆ ನಡೆಸುವ ಡಾ. ರಘುನಂದನ ಮೊದಲು ಒಪ್ಪಲಿಲ್ಲ. ತಮ್ಮ ರೋಗಿಗಳ ವಿವರ ಇನ್ನೊಬ್ಬರಿಗೆ ಕೊಟ್ಟರೆ ರೋಗಿಗಳೇ ಅತ್ತ ಹೋದಾರು ಎಂಬ ಅಳುಕು ಅವರದು. “ಹಡದು ಹೊಳ್ಳಿ ಅಂಬಡಕ್ಕ ಬರೂ ಹುಡುಗಿನ್ನ ನೀವರೆ ಹ್ಯಾಂಗ ಹಿಡದಿಟ್ಕೋತೀರಿ ಡಾಕ್ಟರ್ ಸಾಹೇಬ್ರ?” ಎಂದು ವನಜಾ ತಮ್ಮ ಅರೆಬರೆ ಮರಾಠಿಯಲ್ಲಿ ಕೇಳಿದಾಗ ಡಾಕ್ಟರಿಗೇ ನಗು ಬಂತು. ಕಂಪ್ಯೂಟರ್ ಇಡಲು ಜಾಗ ತೋರಿಸಿದರು.

ಆದರೆ ಕೆಲಸ ಕೈ ಕೊಟ್ಟಿತು. ನಾಸಿಕದಿಂದ ಬಂದ ಬಸುರಿಯ ಹೆಸರನ್ನು ನರ್ಸ್ ಹುಡುಕಿದರೆ ಪರದೆಯ ಮೇಲೆ ಏನೂ ಇಲ್ಲ. ಇನ್ನೊಬ್ಬಳು ಬಂದಳು, ಆಗಲೂ ಇಲ್ಲ. ರಘುನಂದನ ಸಿಡುಕಿದರು. “ವಹಿನಿ, ತುಮಚಾ ಡಬ್ಬಾ ರಿಕಾಮಾ ಆಹೆ. ಅತ್ತಿಗೆ, ನಿಮ್ಮ ಡಬ್ಬಿ ಖಾಲಿ! ಇನ್ನೊಂದು ಸಲ ಹೀಗಾದರೆ ತೆಗೆದುಕೊಂಡು ಹೋಗಿ.” ಸಿಲ್ಲೋಡ್ ಕೈಬಿಟ್ಟರೆ ಗಂಗಾಪುರದ ಡಾಕ್ಟರುಗಳೂ ಮುಂದೆ ಬರುವುದಿಲ್ಲ. ಫೈಲಿಲ್ಲದೆ ಹೆರಿಗೆ ಮೇಜಿಗೆ ಏರುವ ಹುಡುಗಿಯರು ಹಾಗೆಯೇ ಏರುತ್ತಿರುತ್ತಾರೆ.

ವನಜಾ ಬಸ್ ಹತ್ತಿ ಸಿಲ್ಲೋಡಿಗೆ ಹೋದರು. ತಂತಿ ನೋಡಿದರು, ಮೋಡೆಮ್ ಬದಲಿಸಿದರು, ಅಂಬಡ್‌ನಿಂದ ಪರೀಕ್ಷೆಗೆಂದು ಸುಳ್ಳು ಫೈಲೊಂದನ್ನು ತರಿಸಿ ನೋಡಿದರು. ಎಲ್ಲ ಸರಿ ಇತ್ತು. ಸೋತು ಹೊರಗಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಒಬ್ಬ ಬಸುರಿ, ಅವಳ ತಾಯಿ, ಊರಿಂದ ಬಂದ ಅತ್ತೆ. ತಾಯಿ ಮಗಳನ್ನು ಒಂದು ಹೆಸರಿನಿಂದ ಮಾತಾಡಿಸಿದರು, ಅತ್ತೆ ಇನ್ನೊಂದು ಹೆಸರಿನಿಂದ ಕೂಗಿದರು. ಹುಡುಗಿ ಎರಡಕ್ಕೂ ಓಗೊಟ್ಟಳು.

“ತಲ್ಯಾಗ ದೀಪ ಹತ್ತಿದಂಗಾತ್ರಿ,” ಎಂದು ವನಜಾ ಈಗಲೂ ಹಣೆ ಬಡಿದುಕೊಳ್ಳುತ್ತಾರೆ. “ನನಗೂ ತವರಾಗ ಗುಣವತಿ ಅಂತ ಹೆಸರು. ಲಗ್ನದಾಗ ಇವರು ಅಕ್ಕಿ ತಾಟಿನ್ಯಾಗ ಉಂಗುರದಿಂದ ವನಜಾ ಅಂತ ಬರದ್ರು, ಅವತ್ತಿಂದ ವನಜಾ. ಎರಡು ಹೆಸರು ಇಟ್ಕೊಂಡು ನನಗೇ ಹೊಳೀಲಿಲ್ಲ ನೋಡ್ರಿ!”

ಅಂಬಡ್‌ನಲ್ಲಿ ಬರೆಸಿದ್ದು ಅತ್ತೆಮನೆಯ ಹೆಸರು, ಅದರ ಮುಂದೆ ಗಂಡನ ಹೆಸರು. ಸಿಲ್ಲೋಡಿನಲ್ಲಿ ತಾಯಿ ಹೇಳುತ್ತಿದ್ದುದು ಹುಟ್ಟಿದ ಹೆಸರು, ಅದರ ಮುಂದೆ ತಂದೆಯ ಹೆಸರು. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು.

ಮರುದಿನದಿಂದಲೇ ಪೂಜಿತಾ ಅವರ ಕ್ಲಿನಿಕ್ಕಿನಲ್ಲಿ ಹೊಸ ಪ್ರಶ್ನೆಗಳು ಶುರುವಾದವು. ತವರಿನ ಹೆಸರೇನು, ತವರೂರು ಯಾವುದು, ಅಲ್ಲಿ ಯಾವ ಡಾಕ್ಟರು ಫೈಲು ತೆರೆಯಬಹುದು. ಜೊತೆಗೆ ಆ ಬಸುರಿಯೊಬ್ಬಳಿಗೇ ಗೊತ್ತಿರುವ ಒಂದು ಗುಟ್ಟಿನ ಮಾತು. ಡಾಕ್ಟರ ಕೀಲಿಯ ಜೊತೆ ಆ ಮಾತೂ ಕೂಡಿದರೆ ಮಾತ್ರ ಫೈಲು ತೆರೆಯುತ್ತದೆ. ಅತ್ತೆಯ ಎದುರು ಹುಡುಗಿಯರು ಬಾಯಿ ಬಿಡುವುದಿಲ್ಲ. ಅದಕ್ಕೆ ಹನುಮವ್ವ ಇದ್ದಾರೆ.

“ಅತ್ತಿಗೆ ಹೊರಗ ಚಾ ಕೊಡಸ್ತೀನ್ರಿ,” ಎನ್ನುತ್ತಾರೆ ಹನುಮವ್ವ. “ಅತ್ತಿ ಅಕಡೆ ಹೋದ್ಲಂದ್ರ ಹುಡುಗಿ ಇಕಡೆ ಮಲ್ಲಿಗಿ ಅರಳಿದಂಗ ಅರಳ್ತಾಳ. ತವರಿನ ಎಮ್ಮಿ ಹೆಸರು, ಗೆಳತಿ ಹೆಸರು, ಎಲ್ಲಾ ಹೇಳ್ತಾವ್ರಿ ಹುಚ್ಚು ಹುಡುಗ್ಯಾರು.”

ಈ ಬೇಸಿಗೆಯ ಒಂದು ಬೆಳಿಗ್ಗೆ ಸಿಲ್ಲೋಡಿನ ಆಸ್ಪತ್ರೆಗೆ ಟೆಂಪೊ ಒಂದು ಬಂದು ನಿಲ್ಲುತ್ತದೆ. ಒಳಗೆ ಚಂಪಾ, ಅವಳ ತಾಯಿ. ಚಂಪಾಳ ಗಂಡ ದತ್ತು ಅಂಬಡ್‌ನ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾನೆ. ಮನೆಯಲ್ಲಿ ಮದುವೆಯೆಂದು ಅವಳು ಮೊದಲೇ ತವರಿಗೆ ಬಂದಿದ್ದಾಳೆ. ನೋವಿಲ್ಲ, ಆದರೆ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದೆ. ನಾಸಿಕದಲ್ಲಿ ಏನು ಹೇಳಿದ್ದರು ಎಂದು ಕೇಳಿದರೆ, “ಆರಾಮ ಕರ್ ಮ್ಹಣಾಲ್ಯಾ,” ವಿಶ್ರಾಂತಿ ತಗೋ ಅಂದರು ಎನ್ನುತ್ತಾಳೆ. ಆಸ್ಪತ್ರೆಯ ಸೋನೊಗ್ರಫಿ ಯಂತ್ರ ರಿಪೇರಿಗೆ ಹೋಗಿದೆ. ರಘುನಂದನ ಕೈಗವಸು ಹಾಕಿಕೊಂಡು ಒಳಪರೀಕ್ಷೆಗೆ ಸಿದ್ಧರಾಗುತ್ತಾರೆ.

ಅತ್ತ ನರ್ಸ್ ಚಂಪಾ ಎಂದು ಒತ್ತುತ್ತಾರೆ, ತಂದೆಯ ಹೆಸರು, ಊರು ಸೇರಿಸುತ್ತಾರೆ. ಪರದೆಯ ಮೇಲೆ ಒಂದೇ ಒಂದು ಹೆಸರು ಮೂಡುತ್ತದೆ: ಅಂಬಡ್‌ನ ರೇಣುಕಾ, ತವರಿನ ಹೆಸರು ಚಂಪಾ. ನರ್ಸ್ ಅವಳ ಕಿವಿಯ ಬಳಿ ಬಾಗಿ ಗುಟ್ಟಿನ ಮಾತು ಕೇಳುತ್ತಾರೆ. ಅಷ್ಟು ಭಯದಲ್ಲೂ ಚಂಪಾ ನಾಚಿಕೊಳ್ಳುತ್ತಾಳೆ. ಆಮೇಲೆ ಪಿಸುಗುಡುತ್ತಾಳೆ.

ಫೈಲು ತೆರೆಯುತ್ತದೆ. ಪೂಜಿತಾ ಕೆಂಪಕ್ಷರದಲ್ಲಿ ಬರೆದಿದ್ದಾರೆ: ಮಾಸು (ಪ್ಲಾಸೆಂಟಾ) ಗರ್ಭದ ಬಾಯಿಗೆ ಅಡ್ಡ ಕೂತಿದೆ, ಬೆರಳು ತಾಗಿದರೂ ರಕ್ತ ಧಾರೆಯಾಗಿ ಹರಿದೀತು, ಒಳಪರೀಕ್ಷೆ ಮಾಡಬಾರದು, ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು.

“ಸರ್, ಥಾಂಬಾ!” ನರ್ಸ್ ಕೂಗುತ್ತಾರೆ. ನಿಲ್ಲಿ!

ರಘುನಂದನ ಕೈ ಹಿಂದೆಗೆಯುತ್ತಾರೆ. ಪರದೆಯನ್ನು ಓದಿ ಕೈಗವಸು ಕಳಚಿ, ಔರಂಗಾಬಾದಿನ ದೊಡ್ಡ ಆಸ್ಪತ್ರೆಗೆ ಫೋನ್ ಹಚ್ಚುತ್ತಾರೆ. ಚಂಪಾಳ ರಕ್ತದ ಗುಂಪೂ ಅದೇ ಫೈಲಿನಲ್ಲಿದೆ. ಆಂಬ್ಯುಲೆನ್ಸ್ ಔರಂಗಾಬಾದ್ ಮುಟ್ಟುವಾಗ ರಕ್ತದ ಬಾಟಲಿಗಳು ಶಸ್ತ್ರಕ್ರಿಯೆಯ ಕೋಣೆಯಲ್ಲಿ ಸಿದ್ಧವಾಗಿವೆ. ಅವುಗಳ ಅಗತ್ಯ ಬೀಳುತ್ತದೆ ಕೂಡ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಅಳುತ್ತದೆ. ಬಿಳಿಚಿಕೊಂಡ ತಾಯಿ ಕಣ್ಣು ಬಿಟ್ಟು, ಹಸಿವು ಎನ್ನುತ್ತಾಳೆ.

ವನಜಾ ಆಗ ನಾಸಿಕದ ಸಂತೆಯಲ್ಲಿ ಮೆಂತ್ಯೆ ಸೊಪ್ಪು ಆರಿಸುತ್ತಿದ್ದರು. ಫೋನಿನ ಆಚೆಯಿಂದ ರಘುನಂದನ ಹಲೋ ಕೂಡ ಹೇಳಲಿಲ್ಲ. “ವಹಿನಿ, ಡಬ್ಬಾ ಭರಲೇಲಾ ಆಹೆ!” ಡಬ್ಬಿ ತುಂಬಿದೆ!

“ಸೊಪ್ಪು ಅಲ್ಲೇ ಬಿಟ್ಟು ಬಂದೆ ನೋಡ್ರಿ,” ಎಂದು ವನಜಾ ಕಣ್ಣೊರೆಸಿಕೊಂಡು ನಗುತ್ತಾರೆ. “ಮನ್ಯಾಗ ಇವರು ಪಲ್ಯ ಎಲ್ಲಿ ಅಂದ್ರು. ಇವತ್ತ ಉಪ್ಪಿನಕಾಯಿ ಹಚ್ಕೊಂಡು ಉಣ್ರಿ, ನನ್ನ ಫೈಲು ಮುಟ್ಯದ ಅಂದೆ.”

ಆ ವಾರವೇ ರಘುನಂದನ ಊರಿನ ಉಳಿದ ಡಾಕ್ಟರುಗಳನ್ನು ತಮ್ಮಲ್ಲಿಗೆ ಕರೆಸಿ, ವನಜಾರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ನಿಂತುಕೊಂಡೇ ಎಲ್ಲ ವಿವರಿಸಿದರು. ಸಿಲ್ಲೋಡಿನ ಹೆರಿಗೆ ಆಸ್ಪತ್ರೆಗಳೆಲ್ಲ ಈಗ ಕೂಡಿಕೊಂಡಿವೆ. ಗಂಗಾಪುರದಿಂದ ಕರೆ ಬಂದಿದೆ, ಔರಂಗಾಬಾದಿನ ಆ ದೊಡ್ಡ ಆಸ್ಪತ್ರೆಯೂ ತನಗೊಂದು ಕೀಲಿ ಕೇಳಿದೆ. ಪೂಜಿತಾ ಹೇಳುತ್ತಾರೆ: “ನಾನು ಬರೆದದ್ದು ನಾಲ್ಕು ಸಾಲು ಮಾರಾಯ್ರೆ. ಅದು ಅಲ್ಲಿಗೆ ಮುಟ್ಟದಿದ್ರೆ ಬರೆದು ಏನು ಪ್ರಯೋಜನ? ಮುಟ್ಟಿಸಿದ್ದು ಇವ್ರು.”

ಕಳೆದ ತಿಂಗಳು ಚಂಪಾ ಮಗುವನ್ನು ಎತ್ತಿಕೊಂಡು ಅಂಬಡ್‌ಗೆ ಮರಳಿದಳು. ಕ್ಲಿನಿಕ್ಕಿನಲ್ಲಿ ವನಜಾ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ರಿಪೇರಿಯ ಹೆಂಗಸು ಎಂದುಕೊಂಡು, ಚೀಟಿ ಬರೆಸಿ ಬರುವವರೆಗೆ ಮಗುವನ್ನು ಹಿಡಿದುಕೊಳ್ಳಿ ಎಂದು ಕೊಟ್ಟು ಹೋದಳು. ವನಜಾ ಹಿಡಿದುಕೊಂಡರು. ತಾವು ಯಾರೆಂದು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, “ಹೇಳಿ ಏನ್ ಮಾಡೂದ್ರಿ? ಕೂಸು ಮಡಲಾಗ ಮಲಗಿತ್ತು, ಸಾಕಾತು,” ಎನ್ನುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಹೇಳುತ್ತಾರೆ:

“ಹಡೀಲಿಕ್ಕೆ ತವರಿಗೆ ಹೋಗೂ ಹುಡುಗಿ ಕೈಬೀಸ್ಕೋತ ಹೋಗಬೇಕ್ರಿ. ಬಸ್ಸಿನಾಗ ಕಿಡಕಿ ಹತ್ರ ಕೂತು, ಹೊರಗ ನೋಡ್ಕೋತ, ಶೇಂಗಾ ತಿನ್ಕೋತ ಹೋಗಬೇಕು. ಫೈಲಿನ ಚಿಂತಿ ಆಕಿಗೆ ಬ್ಯಾಡ. ಅದು ಆಕಿಕಿಂತ ಮೊದಲ ಹೋಗಿ ಕೂತಿರ್ತದ.”